ಕಾಫಿ, ಮಳೆ, ಮನೆಮಂದಿಯ ನಡುವೆ ವರ್ಷಕ್ಕೊಂದು ಕೌದಿ: ಕೊಡಗಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಹಳೇ ಬಟ್ಟೆ ಸೇರಿಸಿ ಕೌದಿ ಎಂಬ ಹೊದಿಕೆ ಹೊಲಿಯುವ ಆಸೆಯಿರುವ ಯಾರನ್ನೇ ಕೇಳಿ, ಮಾತು ಒಂದೇ: "ಶುರುವೇನೋ ಮಾಡ್ತೀನಿ, ಮುಗಿಸೋಕೇ ಆಗಲ್ಲ." ಮಕ್ಕಳ ಪರೀಕ್ಷೆ ಬರುತ್ತದೆ, ಕಾಫಿ ಕುಯ್ಲು ಬರುತ್ತದೆ, ಅತ್ತೆಗೆ ಹುಷಾರು ತಪ್ಪುತ್ತದೆ, ಊರಿಂದ ನೆಂಟರು ಬರುತ್ತಾರೆ. ಅರ್ಧ ಹೊಲಿದ ಬಟ್ಟೆ ಗಂಟುಕಟ್ಟಿಸಿಕೊಂಡು ಅಟ್ಟ ಸೇರುತ್ತದೆ. ಮಳೆಗಾಲ ಕಳೆದು ಬಿಚ್ಚಿದರೆ ಬೂಷ್ಟಿನ ವಾಸನೆ. ಆಮೇಲೆ ಅದನ್ನು ಮುಟ್ಟುವ ಮನಸ್ಸೇ ಬರುವುದಿಲ್ಲ.

ಇದಕ್ಕೆ ಪರಿಹಾರ ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಎರಡೇ ವಿಷಯ. ಕೆಲಸವನ್ನು ಯಾವ ಗಳಿಗೆಯಲ್ಲಿ ಯಾರು ಕರೆದರೂ ಕೆಳಗಿಟ್ಟು ಏಳಬಹುದಾದಷ್ಟು ಸಣ್ಣ ಸಣ್ಣದಾಗಿ ಒಡೆದುಕೊಳ್ಳುವುದು. ಆ ತುಣುಕುಗಳನ್ನು ಕೊಡಗಿನ ಬಿಸಿಲು, ಕುಯ್ಲು, ಮಳೆಯ ಲೆಕ್ಕಕ್ಕೆ ಜೋಡಿಸಿಕೊಳ್ಳುವುದು. ಹೀಗೆ ಮಾಡಿದರೆ ತೋಟದ ಮನೆಯಲ್ಲೂ, ಮಡಿಕೇರಿಯ ಬಾಡಿಗೆ ಮನೆಯಲ್ಲೂ, ಯಾರ ಊಟವೂ ತಡವಾಗದೆ ವರ್ಷಕ್ಕೊಂದು ಕೌದಿ ಮುಗಿಯುತ್ತದೆ.

ಈ ಬಿಸಿಲು, ಮಳೆಯ ಲಯ ಯಾಕೆ ಮುಖ್ಯ ಅಂದರೆ, ಕೌದಿ ಈ ಮಣ್ಣಿನದಲ್ಲ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಮನೆಗಳಲ್ಲಿ ಹಳೇ ಸೀರೆ, ಧೋತರ ಸೇರಿಸಿ ಹೊಲಿಯುವ ಹೊದಿಕೆ ಅದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರದ್ದು ಇನ್ನೊಂದೇ ಬಗೆ. ಬಯಲುಸೀಮೆಯಲ್ಲಿ ವರ್ಷದ ಬಹುಪಾಲು ಬಿಸಿಲಿರುವುದರಿಂದ ಬಟ್ಟೆ ಒಣಗುವ ಚಿಂತೆ ಇಲ್ಲ. ನಮ್ಮಲ್ಲಿ ಮಡಿಕೇರಿಯ ವಾರ್ಷಿಕ ಮಳೆ 3000 ಮಿಲಿಮೀಟರು ದಾಟುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಅಲ್ಲಿಯ ಕ್ರಮವನ್ನು ಹಾಗೇ ಎತ್ತಿ ತಂದರೆ ಇಲ್ಲಿ ನಡೆಯದು.

ಮೊದಲ ಹೆಜ್ಜೆ: ವರ್ಷವನ್ನು ಹರವಿ ನೋಡಿ

ಸೂಜಿ ಹಿಡಿಯುವ ಮೊದಲು ಕ್ಯಾಲೆಂಡರ್ ತೆಗೆದುಕೊಳ್ಳಿ. ನನ್ನ ಪ್ರಕಾರ ಕೊಡಗಿನಲ್ಲಿ ಕೌದಿಯ ವರ್ಷ ಶುರುವಾಗುವುದು ಕಾವೇರಿ ಸಂಕ್ರಮಣದ ನಂತರ. ಅಕ್ಟೋಬರ್ ಮಧ್ಯದಲ್ಲಿ ತೀರ್ಥೋದ್ಭವ ಮುಗಿದು ಮೋಡ ಚದುರುವ ಹೊತ್ತಿಗೆ ಹಳೇ ಬಟ್ಟೆ ಒಗೆದು ಒಣಗಿಸಿ ಕತ್ತರಿಸಿಬಿಡಬೇಕು. ನವೆಂಬರ್ ಕೊನೆಗೋ ಡಿಸೆಂಬರಿಗೋ ಸುಗ್ಗಿಯ ಹಬ್ಬ ಪುತ್ತರಿ. ಅಷ್ಟರಲ್ಲಿ ಅರೇಬಿಕಾ ಕುಯ್ಲು ಹಿಡಿಯುತ್ತದೆ, ಅದರ ಬೆನ್ನಿಗೇ ರೊಬಸ್ಟಾ, ಕಾಳುಮೆಣಸು. ಮಾರ್ಚ್‌ವರೆಗೆ ತೋಟದ ಮನೆಯ ಹೆಂಗಸಿಗೆ ಪುರುಸೊತ್ತು ಎಂಬುದಿಲ್ಲ. ಆಳುಗಳ ಲೆಕ್ಕ, ಕಾಫಿ ತೂಕ, ಕಣದಲ್ಲಿ ಹರವಿದ್ದನ್ನು ಸಂಜೆ ರಾಶಿ ಮಾಡಿ ಮುಚ್ಚುವುದು, ಇವುಗಳ ನಡುವೆ ಮಡಿಲಲ್ಲಿ ಕೂರುವಷ್ಟು ಸಣ್ಣ ಕೆಲಸ ಮಾತ್ರ ಸಾಧ್ಯ. ಹಾಗಾಗಿ ಈ ತಿಂಗಳುಗಳಿಗೆ ಕತ್ತರಿಸಿಟ್ಟ ಬಟ್ಟೆಯ ಚೌಕಗಳ ಜೋಡಣೆ.

ಏಪ್ರಿಲ್ ಮತ್ತು ಮೇ ಮೊದಲ ಭಾಗ ಕೌದಿಯ ಮೂರು ಪದರ (ಮೇಲಿನದು, ಒಳಗಿನದು, ಅಡಿಯದು) ಕೂಡಿಸುವ ಕಾಲ. ಜೂನ್‌ನಿಂದ ಸೆಪ್ಟೆಂಬರ್, ಹೊರಗೆ ಕಾಲಿಡಲಾಗದ ದಿನಗಳಲ್ಲಿ, ಪದರಗಳನ್ನು ಒಂದಾಗಿಸುವ ಉದ್ದ ಸಾಲಿನ ಹೊಲಿಗೆ. ಗದ್ದೆ ಇರುವವರು ನಾಟಿಯ ವಾರಗಳನ್ನು ಈಗಲೇ ಬಿಟ್ಟುಬಿಡಿ. ಕೈಲ್ ಮುಹೂರ್ತದ ವಾರವನ್ನೂ ಬಿಡಿ. ಹಬ್ಬದ ವಾರದಲ್ಲಿ ಹೊಲಿಗೆ ಇಟ್ಟುಕೊಂಡರೆ ಹಬ್ಬವೂ ಕೆಡುತ್ತದೆ, ಹೊಲಿಗೆಯೂ ಕೆಡುತ್ತದೆ. ಮರಳಿ ಅಕ್ಟೋಬರ್ ಬಿಸಿಲಿಗೆ ಅಂಚು ಕಟ್ಟಿ, ಒಗೆದು, ಮುಗಿಸುವುದು.

ತೋಟ ಇಲ್ಲದ, ಶಾಲೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಮಾಡುವವರಿಗೆ ಕುಯ್ಲಿನ ಜಾಗದಲ್ಲಿ ಪರೀಕ್ಷೆ, ಆಡಿಟ್ ಇರುತ್ತದೆ. ಬಿಸಿಲು, ಮಳೆ ಎಲ್ಲರಿಗೂ ಒಂದೇ.

ಎರಡನೇ ಹೆಜ್ಜೆ: ಮನೆಯವರ ಮುಂದೆ ಬಾಯಿ ಬಿಟ್ಟು ಹೇಳಿ

ಬಹಳ ಜನ ಈ ಹೆಜ್ಜೆಯನ್ನೇ ಹಾರಿಸಿಬಿಡುತ್ತಾರೆ. ಎಲ್ಲರೂ ಮಲಗಿದ ಮೇಲೆ ಕದ್ದು ಹೊಲಿಯುತ್ತಾರೆ. ಹನ್ನೊಂದು ಗಂಟೆಯ ಮೇಲೆ ಹಾಕಿದ ಹೊಲಿಗೆ ಸೊಟ್ಟಗಾಗುತ್ತದೆ, ಬೆಳಗ್ಗೆ ತಲೆ ಭಾರ, ಸಿಡುಕು ಮಕ್ಕಳ ಮೇಲೆ. ಇಷ್ಟದ ಕೆಲಸ ಮನೆಗೆ ಬೇಡದ ಕೆಲಸವಾಗುವುದು ಹೀಗೆಯೇ.

ಬದಲಿಗೆ ಊಟಕ್ಕೆ ಎಲ್ಲರೂ ಕೂತಾಗ ಮೂರು ವಿಷಯ ಹೇಳಿ: ಯಾವ ಹೊತ್ತು, ಯಾವ ಜಾಗ, ಎಷ್ಟು ಹಣ. ಹೊತ್ತು ಎಂದರೆ ವಾರಕ್ಕೆ ಎರಡು ಬಾರಿ ಒಂದೊಂದು ಗಂಟೆ, ಗಡಿಯಾರ ನೋಡಿ ಗೊತ್ತು ಮಾಡಿದ್ದು. ಮಧ್ಯಾಹ್ನದ ಪಾತ್ರೆ ಮುಗಿದ ಮೇಲೆ, ಮಕ್ಕಳ ಬಸ್ ಬರುವ ಮುಂಚಿನ ಸಮಯ ನನಗೆ ಅತ್ಯುತ್ತಮ ಅನ್ನಿಸುತ್ತದೆ, ಬೆಳಕೂ ಚೆನ್ನಾಗಿರುತ್ತದೆ. ಆ ಗಂಟೆಯಲ್ಲಿ ಗೇಟಿನ ಹತ್ತಿರ ಬಂದವರನ್ನು ಬೇರೆಯವರು ನೋಡಿಕೊಳ್ಳಲಿ, ಕಾಫಿ ಬೇಕಿದ್ದವರು ಕಾಸಿಕೊಳ್ಳಲಿ. ಗಂಡ ಹಾಕಿ ಪಂದ್ಯ ನೋಡಲು ಹೊರಟಾಗ ಮನೆ ಹೇಗೆ ಒಪ್ಪುತ್ತದೋ ಹಾಗೇ ಇದನ್ನೂ ಒಪ್ಪಬೇಕು. ಕೇಳುವಾಗ ಅಳುಕು ಬೇಡ.

ಅದಕ್ಕೆ ಪ್ರತಿಯಾಗಿ ನೀವು ಪಾಲಿಸಬೇಕಾದ್ದೂ ಇದೆ. ಗಂಟೆ ಮುಗಿದರೆ ಏಳಬೇಕು. "ಐದೇ ನಿಮಿಷ" ಎಂದು ಹೇಳಿ ಮುಕ್ಕಾಲು ಗಂಟೆ ಕೂರುವವರ ಮಾತನ್ನು ಮನೆಯವರು ಎರಡನೇ ವಾರದಿಂದ ನಂಬುವುದಿಲ್ಲ. "ಈ ಸಾಲು ಮುಗಿಸಿ ಬರ್ತೀನಿ" ಎನ್ನಿ, ಸಾಲು ಮುಗಿಸಿ ಎದ್ದುಬಿಡಿ.

ಜಾಗ: ಹೊಲಿಗೆಗೆ ಕೋಣೆಯೇ ಬೇಕೆಂದಿಲ್ಲ. ಒಂದು ಮುಚ್ಚಳದ ಪೆಟ್ಟಿಗೆ, ಒಂದು ಕುರ್ಚಿ, ಕಿಟಕಿಯ ಬಳಿ ಒಂದು ಮೂಲೆ. ಹಳೇ ಮನೆಯಾದರೆ ಜಗಲಿ ಇನ್ನೂ ಒಳ್ಳೆಯದು, ಬೆಳಕು ತಾನಾಗಿ ಬೀಳುತ್ತದೆ, ಅಂಗಳದ ಮೇಲೂ ಕಣ್ಣಿರುತ್ತದೆ. ಊಟದ ಮೇಜನ್ನು ಮಾತ್ರ ಹಿಡಿಯಬೇಡಿ. ದಿನಕ್ಕೆ ಮೂರು ಸಲ ತೆಗೆದಿಡಬೇಕಾದ ಕೆಲಸ ಉಳಿಯುವುದಿಲ್ಲ.

ಹಣ: ಮೊದಲ ಕೌದಿಗೆ ಕತ್ತರಿ, ಸೂಜಿ, ದಾರ, ಅಂಗುಸ್ತಾನ (ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಟೋಪಿ) ಇಷ್ಟಕ್ಕೇ ಖರ್ಚು. ಬಟ್ಟೆ ಮನೆಯಲ್ಲೇ ಇದೆ. ಪಟ್ಟಣಕ್ಕೆ ಹೋದಾಗಲೆಲ್ಲ ಚಂದದ ತುಂಡು ಕಂಡರೆ ಕೊಳ್ಳುವ ಚಟ ಹತ್ತಿಕೊಳ್ಳುತ್ತದೆ. ಮನೆಯ ಜಗಳದ ಬೀಜ ಅಲ್ಲೇ ಇದೆ. ಕೈಯಲ್ಲಿರುವ ಬಟ್ಟೆ ಮುಗಿಯದೆ ಹೊಸದು ಬೇಡ. ಬಣ್ಣ ಸಾಲದಿದ್ದರೆ ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆ, ಎಲ್ಲಿಯ ದರ್ಜಿಯಾದರೂ ಉಳಿದ ಚೂರುಗಳನ್ನು ಚೀಲ ತುಂಬಿ ಕೊಡುತ್ತಾರೆ.

ಮೂರನೇ ಹೆಜ್ಜೆ: ಬಟ್ಟೆ ಆರಿಸಿ, ಒಗೆದು, ಒಮ್ಮೆಗೇ ಕತ್ತರಿಸಿ

ಹತ್ತಿಯೇ ಇರಲಿ. ಹತ್ತಿ ಹೌದೋ ಅಲ್ಲವೋ ಎಂಬ ಅನುಮಾನ ಇದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು, ಚಿಮ್ಮಟದಲ್ಲಿ ಹಿಡಿದು, ನೀರಿನ ಬೋಗುಣಿಯ ಮೇಲೆ ಕಡ್ಡಿ ಗೀರಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನ್ನೂ ಒಂದೇ ಕೌದಿಯಲ್ಲಿ ಸೇರಿಸಿದರೆ ಒಂದು ಕುಗ್ಗಿ ಇನ್ನೊಂದು ಕುಗ್ಗದೆ ಸುಕ್ಕುಗಟ್ಟುತ್ತದೆ, ಇಸ್ತ್ರಿಯ ಬಿಸಿಗೂ ಹೊಂದುವುದಿಲ್ಲ.

ಅತ್ತೆಯನ್ನು, ಅಮ್ಮನನ್ನು ಈ ಹಂತದಲ್ಲೇ ಕೂರಿಸಿಕೊಳ್ಳಿ. ಟ್ರಂಕಿನಿಂದ ಹಳೇ ಸೀರೆ ತೆಗೆದಾಗ ಅದು ಯಾವ ಮದುವೆಗೆ ತಂದದ್ದು, ಯಾವ ಮಗು ಹುಟ್ಟಿದಾಗ ಉಟ್ಟದ್ದು ಎಂದು ಅವರು ಹೇಳುತ್ತಾ ಹೋಗುತ್ತಾರೆ. ಕತ್ತರಿಸಲು ಒಪ್ಪದ ಸೀರೆಯನ್ನು ಒತ್ತಾಯಿಸಬೇಡಿ. ಮಡಚಿ ಮತ್ತೆ ಟ್ರಂಕಿಗೆ ಇಡಿ.

ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳನ್ನು ಬೇರೆ ಬೇರೆಯಾಗಿ ಬಿಸಿನೀರಿನಲ್ಲಿ ನೆನೆಸಿ, ಒದ್ದೆ ಇರುವಾಗಲೇ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಮತ್ತೆ ಒಗೆಯಿರಿ. ನಾಲ್ಕಾರು ಬಾರಿ ಆದಮೇಲೂ ಬಿಡುತ್ತಲೇ ಇದ್ದರೆ ಅದನ್ನು ಕೈಬಿಡಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಕಾರ್ಖಾನೆಯ ಬಣ್ಣಕ್ಕೆ ಅದನ್ನು ನಂಬಿ ಕೂರಬೇಡಿ.

ಈಗ ಲೆಕ್ಕ. ಒಬ್ಬರು ಆರಾಮವಾಗಿ ಹೊದೆಯುವ ಕೌದಿ 60 ಇಂಚು ಅಗಲ, 84 ಇಂಚು ಉದ್ದ. 12 ಇಂಚಿನ ಬ್ಲಾಕುಗಳಲ್ಲಿ, ಅಂದರೆ ಸಣ್ಣ ಚೌಕಗಳನ್ನು ಸೇರಿಸಿದ ದೊಡ್ಡ ಚೌಕಗಳಲ್ಲಿ, ಮಾಡಿದರೆ ಅಡ್ಡಕ್ಕೆ ಐದು, ಉದ್ದಕ್ಕೆ ಏಳು, ಒಟ್ಟು 35. ಒಂದು ಬ್ಲಾಕಿಗೆ ಒಂಬತ್ತು ಚೌಕ, ಒಂದು ಬಿಟ್ಟು ಒಂದರಂತೆ ಐದು ಗಾಢ ಬಣ್ಣ, ನಾಲ್ಕು ತಿಳಿ ಬಣ್ಣ. ಅಂದರೆ 175 ಗಾಢ, 140 ತಿಳಿ, ಎಲ್ಲ ಸೇರಿ 315 ಚೌಕ. ಹೊಲಿದಾದ ಮೇಲೆ ಚೌಕ 4 ಇಂಚು ಉಳಿಯಬೇಕು. ನಾಲ್ಕೂ ಕಡೆ ಕಾಲಿಂಚು ಹೊಲಿಗೆಗೆ ಹೋಗುವುದರಿಂದ ಕತ್ತರಿಸುವಾಗ ನಾಲ್ಕೂವರೆ ಇಂಚು. ಐದೂವರೆ ಮೀಟರಿನ ಒಂದು ಸೀರೆ, ಮಧ್ಯದ ಸವೆದ ಭಾಗ ಬಿಟ್ಟರೂ, ಇನ್ನೂರು ಚೌಕಕ್ಕೆ ಮೀರಿ ಕೊಡುತ್ತದೆ. ಹಾಗಾಗಿ ಗಾಢ ಬಣ್ಣದ್ದೊಂದು, ತಿಳಿ ಬಣ್ಣದ್ದೊಂದು ಸೀರೆ ಸಾಕು, ಹೆಚ್ಚು ಬಣ್ಣ ಬೇಕಿದ್ದರೆ ಹೆಚ್ಚು ಸೀರೆಯಿಂದ ಸ್ವಲ್ಪ ಸ್ವಲ್ಪ.

ಬೆಳಕಿಗೆ ಹಿಡಿದಾಗ ಎಳೆ ಎಳೆಯಾಗಿ ಕಾಣುವ ಭಾಗ, ಉಗುರಿನಿಂದ ಎಳೆದರೆ ಹಿಂಜುವ ಭಾಗ ಮೇಲ್ಪದರಕ್ಕೆ ಬೇಡ. ಅದು ಒಳಪದರಕ್ಕೆ ಹೋಗಲಿ.

ದಪ್ಪ ರಟ್ಟಿನಲ್ಲಿ ಸರಿಯಾಗಿ 4 ಇಂಚಿನ ಚೌಕವೊಂದು, ನಾಲ್ಕೂವರೆ ಇಂಚಿನದೊಂದು ಮಾಡಿಕೊಳ್ಳಿ. ದೊಡ್ಡದನ್ನು ಇಟ್ಟು ಕತ್ತರಿಸಿ, ಚಿಕ್ಕದನ್ನು ಹಿಮ್ಮಗ್ಗುಲಿನ ನಡುವೆ ಇಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಹೊಲಿದರೆ ಸಾಕು. ಮನಸ್ಸು ಬೇರೆ ಕಡೆ ಇದ್ದರೂ ಅಳತೆ ತಪ್ಪದು. ಕತ್ತರಿಸುವ ಕೆಲಸವನ್ನು ಎರಡು ಮೂರು ಕೂರಿಕೆಯಲ್ಲಿ ಮುಗಿಸಿಬಿಡಿ, ಏಕೆಂದರೆ ಚೆಲ್ಲಾಪಿಲ್ಲಿಯಾಗುವುದು, ಜಾಗ ಬೇಡುವುದು, ಮಕ್ಕಳಿಗೆ ಅಪಾಯ ಇರುವುದು ಇದರಲ್ಲೇ. ಚಕ್ರದ ಕಟರ್ ಬಳಸುವವರು ಪ್ರತಿ ಗೀರಿನ ನಂತರ ಬ್ಲೇಡ್ ಮುಚ್ಚಬೇಕು. ಅದು ಬೆರಳನ್ನೂ ಬಟ್ಟೆಯಷ್ಟೇ ಸಲೀಸಾಗಿ ಕೊಯ್ಯುತ್ತದೆ.

ನಾಲ್ಕನೇ ಹೆಜ್ಜೆ: ಎಂಟು ಹೊಲಿಗೆಯ ಲೆಕ್ಕ

ಈ ಮಾರ್ಗದರ್ಶಿಯ ಜೀವಾಳ ಇದು. ಒಂಬತ್ತು ಚೌಕದ ಬ್ಲಾಕಿನಲ್ಲಿ ಇರುವುದು ಎಂಟೇ ಹೊಲಿಗೆ. ಮೂರು ಚೌಕ ಸೇರಿಸಿ ಒಂದು ಸಾಲು ಮಾಡಲು ಎರಡು ಹೊಲಿಗೆ. ಮೂರು ಸಾಲಿಗೆ ಆರು. ಸಾಲುಗಳನ್ನು ಒಂದಕ್ಕೊಂದು ಕೂಡಿಸಲು ಉದ್ದದ ಎರಡು. ಸಣ್ಣ ಹೊಲಿಗೆಯೊಂದು ಬರೀ ನಾಲ್ಕೂವರೆ ಇಂಚು. ಕುಕ್ಕರ್ ಮೂರು ಸೀಟಿ ಕೂಗುವಷ್ಟರಲ್ಲಿ ಅದು ಮುಗಿಯುತ್ತದೆ. ಕಡುಬಿನ ಪಾತ್ರೆ ಒಲೆ ಮೇಲಿದ್ದಾಗ ಇನ್ನೊಂದು. ಮಗನಿಗೆ ಮಗ್ಗಿ ಒಪ್ಪಿಸಲು ಹೇಳಿ ಕೇಳುತ್ತಾ ಮತ್ತೊಂದು. ಪ್ರತಿ ಹೊಲಿಗೆಯ ಕೊನೆಯೂ ಒಂದು ನಿಲ್ದಾಣ: ಗಂಟು ಹಾಕಿ, ದಾರ ಕತ್ತರಿಸಿ, ಏಳಬಹುದು. ಅರ್ಧಕ್ಕೆ ಬಿಟ್ಟೆನಲ್ಲ ಎಂಬ ಕಿರಿಕಿರಿ ಇರುವುದಿಲ್ಲ.

ನವೆಂಬರ್ ಆರಂಭದಿಂದ ಮಾರ್ಚ್ ಕೊನೆಗೆ ಇಪ್ಪತ್ತು ವಾರಕ್ಕೆ ಮೇಲಾಗುತ್ತದೆ. ವಾರಕ್ಕೆ ಎರಡು ಬ್ಲಾಕ್ ಎಂದರೆ ನಲವತ್ತು. ನಮಗೆ ಬೇಕಿರುವುದು 35. ಉಳಿದ ವಾರಗಳು ಪುತ್ತರಿಗೆ, ಕ್ರಿಸ್‌ಮಸ್ಸಿಗೆ, ಮಗುವಿನ ಜ್ವರಕ್ಕೆ, ಆಳು ಬಾರದ ದಿನಕ್ಕೆ. ಈ ಸಡಿಲವನ್ನು ಮೊದಲೇ ಇಟ್ಟುಕೊಳ್ಳದ ಯೋಜನೆ ನಮ್ಮ ಮನೆಗಳಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ಬೇಕಾದ್ದು ಒಂದು ಕೈಪೆಟ್ಟಿಗೆ. ಬಿಸ್ಕತ್ತಿನ ತಗಡಿನ ಡಬ್ಬಿಯೂ ಆಗುತ್ತದೆ. ಅದರೊಳಗೆ ಒಂದು ವಾರದ ಕೆಲಸ ಮಾತ್ರ: ಎರಡು ಬ್ಲಾಕಿನ ಹದಿನೆಂಟು ಚೌಕ ಒಂದರ ಮೇಲೊಂದು ಜೋಡಿಸಿ ಪಿನ್ನು ಚುಚ್ಚಿದ್ದು, ತಿಳಿಬೂದು ಬಣ್ಣದ ಹತ್ತಿ ದಾರ (ಎಲ್ಲ ಬಣ್ಣಕ್ಕೂ ಒಗ್ಗುತ್ತದೆ), ಉಣ್ಣೆ ಬಟ್ಟೆಯ ತುಂಡಿಗೆ ಚುಚ್ಚಿದ ಎರಡು ಸೂಜಿ, ಪುಟ್ಟ ಕತ್ತರಿ, ಅಂಗುಸ್ತಾನ. ಈ ಡಬ್ಬಿ ಕಣಕ್ಕೂ ಬರುತ್ತದೆ, ಮೈಸೂರಿನ ಬಸ್ಸಿಗೂ ಬರುತ್ತದೆ, ಡಾಕ್ಟರ ಕೋಣೆಯ ಹೊರಗಿನ ಬೆಂಚಿಗೂ ಬರುತ್ತದೆ. ದಾರವನ್ನು ಒಂದೂವರೆ ಅಡಿಗಿಂತ ಉದ್ದ ಎಳೆದುಕೊಳ್ಳಬೇಡಿ, ಸಿಕ್ಕು ಬೀಳುತ್ತದೆ. ಇಂಚಿಗೆ ಎಂಟು ಹತ್ತು ಸಣ್ಣ ಹೊಲಿಗೆ ಬಂದರೆ ಜೋಡಣೆ ಗಟ್ಟಿ. ಹೊಲಿಗೆಯ ಹಿಂದೆ ಉಳಿಯುವ ಕಾಲಿಂಚಿನ ಅಂಚುಗಳನ್ನು ಗಾಢ ಬಣ್ಣದ ಕಡೆ ಮಗುಚಿ ಉಗುರಿನಿಂದ ತೀಡಿ. ಇಸ್ತ್ರಿ ವಾರಕ್ಕೊಮ್ಮೆ ಯೂನಿಫಾರ್ಮಿನ ಜೊತೆ ಆಗಲಿ. ಅಂಚು ಗಾಢದ ಕಡೆಗೇ ಬಿದ್ದಿದ್ದರೆ ಸಾಲು ಸಾಲು ಕೂಡಿಸುವಾಗ ಮೂಲೆಗಳು ತಾವಾಗಿ ಒಂದಕ್ಕೊಂದು ಕೂರುತ್ತವೆ.

ಇಷ್ಟೆಲ್ಲ ಅಳತೆ ಇಷ್ಟವಿಲ್ಲದವರಿಗೆ ಸಿದ್ದಿ ಮಹಿಳೆಯರ ದಾರಿ ಇದೆ. ಕವಂದಿ ಎಂಬ ಅವರ ಕೌದಿಯಲ್ಲಿ ಮೊದಲೇ ಬ್ಲಾಕ್ ಮಾಡಿಕೊಳ್ಳುವುದಿಲ್ಲ. ಅಡಿಯ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಕೈಗೆ ಸಿಕ್ಕ ತುಂಡನ್ನು ಅಂಚು ಮಡಿಸಿ ಇಟ್ಟು ಎಲ್ಲ ಪದರವನ್ನೂ ಸೇರಿಸಿ ಹೊಲಿಯುತ್ತಾ, ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಜೋಡಣೆ, ಪದರ, ಸಾಲುಹೊಲಿಗೆ ಮೂರೂ ಒಂದೇ ಸಲಕ್ಕೆ. ಕೊನೆಗೆ ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. ಅದರ ಚೆಲುವು ಬೇರೆಯದೇ, ನನಗೆ ಬಹಳ ಇಷ್ಟ. ಆದರೆ ಮೊದಲ ದಿನದಿಂದಲೂ ಇಡೀ ಕೌದಿಯ ಭಾರ ಮಡಿಲಲ್ಲಿರುತ್ತದೆ, ಡಬ್ಬಿಯಲ್ಲಿ ಒಯ್ಯಲಾಗದು. ಪುಟ್ಟ ಮಕ್ಕಳಿರುವ, ಓಡಾಟ ಜಾಸ್ತಿ ಇರುವ ಮನೆಗೆ ಬ್ಲಾಕಿನ ಕ್ರಮವೇ ಸಲೀಸು.

ಮಕ್ಕಳು ಇರುವ ಮನೆಯಲ್ಲಿ

ಕೂರುವಾಗ ಸೂಜಿ ಎಣಿಸಿ, ಏಳುವಾಗ ಎಣಿಸಿ. ಒಂದು ಕಡಿಮೆಯಾದರೆ ಸಿಗುವವರೆಗೆ ಬೇರೆ ಕೆಲಸವಿಲ್ಲ. ಕೆಟ್ಟ ರೇಡಿಯೊದ ಸ್ಪೀಕರಿನಿಂದ ತೆಗೆದ ಅಯಸ್ಕಾಂತ ಇಂಥ ಹೊತ್ತಿಗೆ ದೊಡ್ಡ ಸಹಾಯ.

ಐದಾರು ವರ್ಷದ ಮಕ್ಕಳಿಗೆ ಬಣ್ಣ ಜೋಡಿಸುವ ಕೆಲಸ ಕೊಡಿ. ಯಾವ ಬ್ಲಾಕ್ ಯಾವುದರ ಪಕ್ಕ ಎಂದು ಅವರು ನೆಲದ ಮೇಲೆ ಇಡಲಿ, ನೀವು ಬದಲಾಯಿಸದಿರಿ. ಎಂಟು ಹತ್ತು ವರ್ಷದವರು ಹುಡುಗನಾದರೂ ಹುಡುಗಿಯಾದರೂ ಪೆನ್ಸಿಲ್ ಗೆರೆಯ ಮೇಲೆ ಹೊಲಿಯಬಲ್ಲರು. ಮಳೆ ರಜೆ ಘೋಷಣೆಯಾದ ದಿನ, ಕರೆಂಟೂ ಇಲ್ಲದೆ ಮೊಬೈಲೂ ಸತ್ತಿರುವಾಗ, ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ.

ಹುಟ್ಟಲಿರುವ ಮಗುವಿಗೆ ಕೌದಿ ಮಾಡುವವರು ಒಂದು ಮಾತು ನೆನಪಿಡಿ. ಒಂದು ವರ್ಷ ತುಂಬುವವರೆಗೆ ಮಗು ಮಲಗುವ ಜಾಗದಲ್ಲಿ ಸಡಿಲ ಹೊದಿಕೆ ಇಡಬಾರದು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮುಖದ ಮೇಲೆ ಬಂದರೆ ಉಸಿರು ಕಟ್ಟುವ ಅಪಾಯ. ಅಲ್ಲಿಯವರೆಗೆ ಎಚ್ಚರವಾಗಿರುವ ಮಗುವನ್ನು ನಿಮ್ಮ ಕಣ್ಣೆದುರು ಆಡಿಸಲು ನೆಲಕ್ಕೆ ಹಾಸಿ.

ಐದನೇ ಹೆಜ್ಜೆ: ಏಪ್ರಿಲಿನಲ್ಲಿ ಖಾಲಿ ಕಣ

ಬ್ಲಾಕುಗಳನ್ನು ಸಾಲಾಗಿಸಿ, ಸಾಲುಗಳನ್ನು ಕೂಡಿಸುವ ಉದ್ದ ಹೊಲಿಗೆಗೆ ಯಂತ್ರ ಒಳ್ಳೆಯದು. ಕಾಲಿನಿಂದ ತುಳಿಯುವ ಹಳೇ ಯಂತ್ರ ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಬಿಟ್ಟು, ಬೆಲ್ಟ್ ಬದಲಿಸಿದರೆ ಕರೆಂಟ್ ಇಲ್ಲದ ವಾರದಲ್ಲೂ ಓಡುವುದು ಅದೊಂದೇ.

ಅಡಿಪದರಕ್ಕೆ ಒಂದು ಸೀರೆ ಸಾಕು. 216 ಇಂಚು ಉದ್ದದ ಸೀರೆಯನ್ನು ನಡುವೆ ಕತ್ತರಿಸಿ, ಎರಡು ತುಂಡನ್ನು ಅಕ್ಕಪಕ್ಕ ಹೊಲಿದರೆ ಸುಮಾರು 90ಕ್ಕೆ 108 ಇಂಚಿನ ಹಾಸು. ಮೇಲ್ಪದರಕ್ಕಿಂತ ಸುತ್ತಲೂ 4 ಇಂಚು ಹೆಚ್ಚಿರುವಂತೆ, ಅಂದರೆ 68ಕ್ಕೆ 92, ಕತ್ತರಿಸಿಕೊಳ್ಳಿ. ಒಳಪದರಕ್ಕೆ ಅಂಗಡಿಯ ದಪ್ಪ ಹತ್ತಿಹಾಸು ಕೊಡಗಿಗೆ ತಕ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ. ತೇವ ಹೀರಿಕೊಂಡರೆ ದಿನಗಟ್ಟಲೆ ಬಿಡುವುದಿಲ್ಲ. ಸವೆದ ಬೆಡ್‌ಶೀಟೋ, ಎರಡು ಪದರ ಹಳೇ ಪಂಚೆಯೋ ಬೇಗ ಒಣಗುತ್ತದೆ, ಹೊದ್ದರೆ ಬೆಚ್ಚಗೂ ಇರುತ್ತದೆ. ಹಳೇ ಉಣ್ಣೆ ಕಂಬಳಿ ಬೇಡ, ಒಗೆದಾಗ ಅದೊಂದೇ ಕುಗ್ಗುತ್ತದೆ.

ಮೂರು ಪದರ ಸುಕ್ಕಿಲ್ಲದೆ ಹಾಸಲು ದೊಡ್ಡ ಸಮತಟ್ಟು ಜಾಗ ಬೇಕು. ಕಾಫಿ ಮೂಟೆ ಸೇರಿದ ಮೇಲೆ ಖಾಲಿಯಾಗುವ ಸಿಮೆಂಟು ಕಣಕ್ಕಿಂತ ಒಳ್ಳೆಯ ಜಾಗ ಉಂಟೇ! ಬೆಳಗ್ಗೆ ಗಾಳಿ ಏಳುವ ಮುಂಚೆ ಗುಡಿಸಿ, ಚಾಪೆ ಹಾಸಿ, ಅಡಿಪದರವನ್ನು ಬಿಗಿಯಾಗಿ ಎಳೆದು ನಾಲ್ಕು ಕಡೆ ಕಲ್ಲಿಡಿ. ಅದರ ಮೇಲೆ ಒಳಪದರ, ಮೇಲೆ ಬ್ಲಾಕಿನ ಪದರ. ಮನೆಯವರೆಲ್ಲರನ್ನೂ ಕರೆಯಬೇಕಾದ ಒಂದು ದಿನ ಇದು, ನಾಲ್ಕು ಮೂಲೆಗೆ ನಾಲ್ಕು ಜನ. ಮಧ್ಯಾಹ್ನದ ಹೊತ್ತಿಗೆ ಆನೆಕಲ್ಲು ಮಳೆ ಬರಬಹುದಾದ ತಿಂಗಳು, ಹನ್ನೊಂದರೊಳಗೆ ಒಳಗೆ ತನ್ನಿ. ಕಣ ಇಲ್ಲದವರಿಗೆ ತಾರಸಿಯೋ, ಮಂಚ ಸರಿಸಿದ ಕೋಣೆಯೋ ಆದೀತು.

ಪದರ ಸರಿಯದಿರಲು ಬಹಳ ಜನ ಸೇಫ್ಟಿ ಪಿನ್ ಚುಚ್ಚುತ್ತಾರೆ. ಮಳೆಗಾಲ ಪೂರ್ತಿ ಇರಬೇಕಾದ ಕೆಲಸಕ್ಕೆ ಪಿನ್ ಬೇಡವೇ ಬೇಡ. ಜುಲೈ ತೇವಕ್ಕೆ ತುಕ್ಕು ಹಿಡಿದು, ಹೋಗದ ಕಂದು ಚುಕ್ಕೆ ಬಿಡುತ್ತದೆ. ಬಿಳಿ ದಾರದಲ್ಲಿ ಎರಡೆರಡು ಇಂಚಿನ ಉದ್ದ ಕಚ್ಚಾ ಹೊಲಿಗೆ, ನಡುವಿನಿಂದ ಅಂಚಿಗೆ, ನಾಲ್ಕು ಬೆರಳು ಅಂತರದ ಸಾಲುಗಳಲ್ಲಿ ಹಾಕಿ.

ಆರನೇ ಹೆಜ್ಜೆ: ಮಳೆಗಾಲದ ಸಾಲುಗಳು

ಕಚ್ಚಾ ಹಾಕಿದ ಕೌದಿ ಈಗ ಮಡಿಲಿಗೆ ಬರುತ್ತದೆ. ಹೊರಗೆ ಸುರಿಯುತ್ತಿದ್ದರೆ ಅದೇ ಬೆಚ್ಚನೆಯ ಹೊದಿಕೆ, ಅದೇ ಕೆಲಸ. ಎರಡು ಇಂಚಿಗೊಂದು ಸಾಲು ಎಂದರೆ 60 ಇಂಚು ಅಗಲಕ್ಕೆ ಸುಮಾರು ಮೂವತ್ತು ಸಾಲು, ಒಂದೊಂದು ಏಳು ಅಡಿ. ಜೂನ್‌ನಿಂದ ಸೆಪ್ಟೆಂಬರ್ ಕೊನೆಗೆ ಹದಿನೇಳು ವಾರ. ವಾರಕ್ಕೆ ಎರಡು ಸಾಲು, ಗೊತ್ತು ಮಾಡಿದ ಆ ಎರಡು ಗಂಟೆಯಲ್ಲಿ ಒಂದೊಂದು. ಉಳಿದರೆ ಸಂಜೆ ಟಿವಿ ಮುಂದೆ. ಮೊದಲ ಸಾಲು ನಟ್ಟನಡುವೆ, ಆಮೇಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಒಂದೇ ಕಡೆ ಹೊಲಿಯುತ್ತ ಹೋದರೆ ಬಟ್ಟೆ ಸರಿದು ಕೊನೆಯಲ್ಲಿ ಗುಡ್ಡೆ ಕಟ್ಟುತ್ತದೆ. ಇಂಚಿಗೆ ಐದಾರು ಹೊಲಿಗೆ ಬಂದರೆ ಸಾಕು. ಸಣ್ಣದಾಗಿರುವುದಕ್ಕಿಂತ ಒಂದೇ ಸಮನಾಗಿರುವುದು ಮುಖ್ಯ.

ಮಧ್ಯಾಹ್ನ ನಾಲ್ಕಕ್ಕೇ ಕತ್ತಲು ಕವಿಯುವ ದಿನಗಳು ಇವು. ಚಾರ್ಜ್ ಆಗುವ ಎಲ್‌ಇಡಿ ದೀಪವನ್ನು ಎಡಗಡೆಯಿಂದ ಬೀಳುವಂತೆ ಇಡಿ, ಎಡಗೈಯವರಾದರೆ ಬಲಗಡೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರದ ಸಿಲ್ವರ್ ಮರವನ್ನೋ ಬೆಟ್ಟವನ್ನೋ ನೋಡಿ, ಹೆಗಲು ತಿರುಗಿಸಿ. ಹೆಬ್ಬೆರಳಿನ ಬುಡ ನೋಯಲು ಶುರುವಾದರೆ ಅಂದಿಗೆ ಸಾಕು.

ತೇವದ ವಿಚಾರಕ್ಕೆ ಬಂದರೆ, ಪ್ರತಿ ಸಲ ಏಳುವಾಗ ಸೂಜಿಯನ್ನು ಬಟ್ಟೆಯಿಂದ ತೆಗೆದು ಉಣ್ಣೆ ತುಂಡಿಗೆ ಚುಚ್ಚಿ. ಬಟ್ಟೆ ಬಿಗಿಹಿಡಿಯುವ ಚೌಕಟ್ಟಿನ ಬಳೆ ಬಳಸುವವರು ಅದನ್ನೂ ಬಿಚ್ಚಿಡಿ. ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಬೇಡಿ, ತಗಡಿನ ಟ್ರಂಕ್ ಒಳಗೊಳಗೇ ಬೆವರುತ್ತದೆ. ಹತ್ತಿಯ ಚೀಲ, ಗೋಡೆಗೆ ತಾಗದ ಮರದ ಕಪಾಟು ಸರಿ. ವಾರಕ್ಕೊಮ್ಮೆ ಬಿಡಿಸಿ ಹಗ್ಗದ ಮೇಲೆ ಒಂದು ಗಂಟೆ ಗಾಳಿಗೆ ಹಾಕಿ, ಕರೆಂಟಿದ್ದರೆ ಒಣ ಇಸ್ತ್ರಿ ಎಳೆಯಿರಿ. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ವಾಸನೆ ಒಗೆದರೂ ಹೋಗದು. ಬಿಳಿ ಬೂಷ್ಟು ಕಂಡ ಕೂಡಲೇ ಜಗಲಿಗೆ ಒಯ್ದು ಒಣ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ. ಕಪ್ಪು ಚುಕ್ಕೆಯಾಗುವವರೆಗೆ ಬಿಟ್ಟರೆ ಅದು ಉಳಿದುಬಿಡುತ್ತದೆ.

ತಿಂಗಳುಗಟ್ಟಲೆ ಬಿಡಬೇಕಾಗಿ ಬಂದರೆ

ಹೆರಿಗೆ, ಆಸ್ಪತ್ರೆ, ಮನೆಯಲ್ಲಿ ಸಾವು. ಇಂಥದ್ದು ಬಂದಾಗ ಕೌದಿ ಕಾಯುತ್ತದೆ, ಕಾಯಬೇಕು. ಮನೆ ಮೊದಲು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಬಿಡುವ ಮುನ್ನ ಹತ್ತು ನಿಮಿಷ ಮಾತ್ರ ಕೊಡಿ. ಸೂಜಿ, ಪಿನ್ನು ಎಲ್ಲ ತೆಗೆಯಿರಿ. ಒಂದು ಚೀಟಿಯಲ್ಲಿ ಯಾವ ಸಾಲಿನವರೆಗೆ ಆಗಿದೆ, ಮುಂದಿನದು ಎಡಕ್ಕೋ ಬಲಕ್ಕೋ, ದಾರದ ಬಣ್ಣ ಯಾವುದು, ಸೂಜಿಯ ನಂಬರ್ ಎಷ್ಟು ಎಂದು ಬರೆದು ಬಟ್ಟೆಗೇ ಕಚ್ಚಾ ಹಾಕಿ. ಒಣಗಿದ ಬೇವಿನ ಸೊಪ್ಪೋ ನಾಲ್ಕು ಲವಂಗವೋ ತೆಳುಬಟ್ಟೆಯಲ್ಲಿ ಕಟ್ಟಿ ಜೊತೆಗಿಟ್ಟು, ಕಪಾಟಿನ ಬಾಗಿಲು ಆಗಾಗ ತೆರೆದಿಡಲು ಮನೆಯಲ್ಲಿ ಒಬ್ಬರಿಗೆ ಹೇಳಿ. ಆರು ತಿಂಗಳ ನಂತರ ಆ ಚೀಟಿ ಓದಿ ಅದೇ ದಿನ ಹೊಲಿಯಲು ಕೂರಬಹುದು. ಚೀಟಿ ಇಲ್ಲದಿದ್ದರೆ ಎಲ್ಲಿದ್ದೆವು ಎಂದು ಹುಡುಕುವುದರಲ್ಲೇ ಉತ್ಸಾಹ ಇಳಿಯುತ್ತದೆ.

"ನಮಗೂ ಒಂದು ಮಾಡಿಕೊಡು" ಎನ್ನುವವರು

ಮೊದಲ ಕೌದಿ ನೋಡಿದ ಕೂಡಲೇ ಕೇಳುತ್ತಾರೆ. ಮದುವೆಯ ದಿನಾಂಕಕ್ಕೆ ಮಾತು ಕೊಡಬೇಡಿ. ಆ ಕ್ಷಣದಿಂದ ಇಷ್ಟದ ಕೆಲಸ ಬಾಕಿಯ ಕೆಲಸವಾಗುತ್ತದೆ. "ವರ್ಷಕ್ಕೊಂದೇ ಮಾಡೋದು, ಈ ವರ್ಷದ್ದು ಮಗಳಿಗೆ" ಎಂದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ಬಟ್ಟೆ ತಂದು ಪಕ್ಕದಲ್ಲಿ ಕೂತು ಕಲಿಯುತ್ತೇನೆ ಎಂದವರಿಗೆ ಮಾತ್ರ ಎಂದೂ ಇಲ್ಲ ಅನ್ನಬೇಡಿ. ವಾರದ ಒಂದು ಗಂಟೆ ಇಬ್ಬರು ಕೂತರೆ ಆ ಗಂಟೆಯನ್ನು ಮನೆಯವರು ಇನ್ನಷ್ಟು ಗೌರವಿಸುತ್ತಾರೆ.

ಕೊನೆಯ ಹೆಜ್ಜೆ: ಅಂಚು, ಒಗೆತ, ಬಿಸಿಲು

ಸುತ್ತಳತೆ 288 ಇಂಚು. ಸೀರೆಯ ಉದ್ದಕ್ಕೆ ಎರಡೂವರೆ ಇಂಚು ಅಗಲದ ಎರಡು ಪಟ್ಟಿ ಕತ್ತರಿಸಿ ಜೋಡಿಸಿದರೆ ಅಂಚುಪಟ್ಟಿಗೆ ಸಾಕಾಗಿ ಮಿಗುತ್ತದೆ. ಸೀರೆಯ ನೇಯ್ದ ಅಂಚೇ ಗಟ್ಟಿಯಾಗಿದ್ದರೆ ಅದಕ್ಕಿಂತ ಉತ್ತಮ ಬೇರಿಲ್ಲ, ಕೈ ಹಿಡಿದು ಎಳೆಯುವ ಜಾಗ ಕೌದಿಯ ಅಂಚೇ ಆದ್ದರಿಂದ ಮೊದಲು ಸವೆಯುವುದೂ ಅದೇ. ಪಟ್ಟಿಯನ್ನು ಉದ್ದಕ್ಕೆ ಮಡಿಸಿ, ಮೇಲಿನಿಂದ ಯಂತ್ರದಲ್ಲಿ ಹೊಲಿದು, ಹಿಂಬದಿಗೆ ಮಗುಚಿ ಕೈಯಿಂದ ಮುಗಿಸಿ. ಒಂದು ಮೂಲೆಯ ಹಿಂಭಾಗದಲ್ಲಿ ಬಿಳಿ ಬಟ್ಟೆಯ ತುಂಡಿಗೆ ಇಸವಿ, ಯಾರ ಯಾರ ಬಟ್ಟೆ ಸೇರಿದೆ, ಯಾರು ಹೊಲಿದದ್ದು ಎಂದು ದಾರದಲ್ಲೇ ಬರೆದು ಹಚ್ಚಿ. ಮಗು ಹಾಕಿದ ಸೊಟ್ಟ ಸಾಲು ಇದ್ದರೆ ಅದರ ಹೆಸರೂ ಇರಲಿ.

ಕಚ್ಚಾ ದಾರಗಳನ್ನು ಎಳೆದು ತೆಗೆದ ಮೇಲೆ, ಆಕಾಶ ಸ್ವಚ್ಛವಾಗಿರುವ ಎರಡು ದಿನ ನೋಡಿಕೊಂಡು, ತಣ್ಣೀರು ಮತ್ತು ಸ್ವಲ್ಪವೇ ಸೋಪಿನ ಪುಡಿಯಲ್ಲಿ ಒಗೆಯಿರಿ. ಕಲ್ಲಿಗೆ ಬಡಿಯಬೇಡಿ, ಕಾಲಿನಿಂದ ಮೆಲ್ಲಗೆ ತುಳಿದರೆ ಕೊಳೆ ಬಿಡುತ್ತದೆ. ಹಿಂಡುವುದೂ ಬೇಡ, ಇಬ್ಬರು ಎರಡು ಕಡೆ ಹಿಡಿದು ಒತ್ತಿ ನೀರು ಇಳಿಸಿ. ಒಂದೇ ಹಗ್ಗದ ಮೇಲೆ ಹಾಕಿದರೆ ಒದ್ದೆ ಭಾರಕ್ಕೆ ಹೊಲಿಗೆ ಕೀಳುತ್ತದೆ, ಅಕ್ಕಪಕ್ಕದ ಎರಡು ಹಗ್ಗದ ಮೇಲೆ ಹರವಿ, ಹಿಮ್ಮಗ್ಗುಲು ಬಿಸಿಲಿಗೆ ಇರಲಿ. ಮಧ್ಯಾಹ್ನ ಮಗುಚಿ. ಸಂಜೆ ಮಂಜು ಇಳಿಯುವ ಮುಂಚೆ ಒಳಗೆ ತಂದು, ಮರುದಿನ ಮತ್ತೆ ಹಾಕಿ. ಕೈಗೆ ಒಣಗಿದಂತೆ ಕಂಡರೂ ಒಳಪದರದಲ್ಲಿ ತೇವ ಉಳಿದಿರುತ್ತದೆ. ಮಡಚಿಡುವುದಾದರೆ ಎರಡು ಮೂರು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿ, ಒಂದೇ ಗೆರೆಯಲ್ಲಿ ಬಟ್ಟೆ ಸೀಳುವುದು ತಪ್ಪುತ್ತದೆ. ಅದಕ್ಕಿಂತ ದಿನಾ ಹೊದೆಯುವುದೇ ಒಳ್ಳೆಯದು, ಹೊದೆಯುವ ಕೌದಿಗೆ ಬೂಷ್ಟು ಹಿಡಿಯುವುದಿಲ್ಲ.